ಕಾಕಾ ತೊಳೆದ ರೂಪಾಯಿ

ಕೊಪ್ಪಳದ ಒಂದು ಬ್ಯಾಂಕಿನಲ್ಲಿ ಕ್ಯಾಶಿಯರ್ ಕುರ್ಚಿ ಬಿಟ್ಟು ಎದ್ದು ನಿಂತು ನಮಸ್ಕಾರ ಹೇಳುತ್ತಿದ್ದದ್ದು ಇಬ್ಬರಿಗೆ ಮಾತ್ರ. ಒಬ್ಬರು ತಪಾಸಣೆಗೆ ಬರುವ ದೊಡ್ಡ ಸಾಹೇಬರು. ಇನ್ನೊಬ್ಬ ನಮ್ಮ ಕಾಕಾ. ಸಾಹೇಬರಿಗೆ ಹೆದರಿಕೆಯ ನಮಸ್ಕಾರ, ಕಾಕಾನಿಗೆ ಪ್ರೀತಿಯ ನಮಸ್ಕಾರ! ಹಾಗಂತ ಕಾಕಾ ಅಲ್ಲಿ ಲಕ್ಷಗಟ್ಟಲೆ ಠೇವಣಿ ಇಟ್ಟಿದ್ದಾನೆ ಅಂದುಕೊಂಡೀರಿ. ಬ್ಯಾಂಕಿನ ಬಾಗಿಲಲ್ಲಿ ಚಹಾ ಮಾರುವವನ ಗಲ್ಲೆಯಲ್ಲಿ ಇದ್ದಷ್ಟು ಹಣವೂ ಅವನ ಖಾತೆಯಲ್ಲಿ ಇರಲಿಲ್ಲ. ಆದರೆ ಯಾರಿಗೂ ಬೇಡವಾಗಿ, ಬ್ಯಾಂಕಿನ ತಿಜೋರಿಯಲ್ಲಿ ಜಾಗ ತಿನ್ನುತ್ತ ಬಿದ್ದಿರುವ ಚಿಲ್ಲರೆ ನಾಣ್ಯದ ಪಾಕೀಟುಗಳನ್ನು, "ಇನ್ನೂ ಅದಾವೇನ್ರಿ? ಇದ್ರ ಕೊಡ್ರಿ" ಎಂದು ಕೇಳಿ ಹೊತ್ತೊಯ್ಯುವ ಗಿರಾಕಿ ಇಡೀ ಜಿಲ್ಲೆಯಲ್ಲಿ ಅವನೊಬ್ಬನೇ. ಅಂಥವನಿಗೆ ಕ್ಯಾಶಿಯರ್ ಎದ್ದು ನಿಲ್ಲದೆ ಇನ್ಯಾರಿಗೆ ನಿಲ್ಲಬೇಕು?

ಪಾಪ, ಕ್ಯಾಶಿಯರ್ ಎದ್ದು ನಿಂತದ್ದು ಕಾಕಾನಿಗೆ ಗೊತ್ತೇ ಆಗುತ್ತಿರಲಿಲ್ಲ. ಯಾಕೆಂದರೆ ನಮ್ಮ ಕಾಕಾ ಮನುಷ್ಯರ ಮುಖ ನೋಡುವವನಲ್ಲ. ನಾಣ್ಯದ ಮುಖ ನೋಡುವವನು. ಎದುರಿಗೆ ಯಾರೇ ಬಂದರೂ ಅವನ ಕಣ್ಣು ಅವರ ಅಂಗೈಗೇ ಹೋಗುತ್ತದೆ. ಇಂಥ ಕಾಕಾ ಒಂದು ಸಲ ಒಂದೇ ಒಂದು ರೂಪಾಯಿ ಕಳೆದ. ತನ್ನದಲ್ಲ, ಹೆಂಡತಿಯದು. ಆ ರೂಪಾಯಿಗಾಗಿ ಮನೆಯೇ ಮುರಿಯುವ ಹೊತ್ತು ಬಂದಿತ್ತು. ಅದನ್ನು ಹೇಳಲೆಂದೇ ಕೂತಿದ್ದೇನೆ. ಆದರೆ ಕಾಕಾನ ವಿಷಯ ನೇರವಾಗಿ ಹೇಳಲು ಬರುವುದಿಲ್ಲ, ಒಂದು ಸುತ್ತು ಹಾಕಿಯೇ ಬರಬೇಕು.

ಕಾಕಾ ನಮ್ಮಪ್ಪನ ತಮ್ಮ. ಭಾಗ್ಯನಗರದಲ್ಲಿ ಅವನದೊಂದು ಹಿಟ್ಟಿನ ಗಿರಣಿ. ನಾನು ಎರಡು ಓಣಿಯಾಚೆ ಇರುವ ಸಾಲಿ ಟೀಚರ್. ನಮ್ಮ ಮನೆಯ ಜೋಳ, ಗೋಧಿ, ಕಡಲೆ ಎಲ್ಲ ಅಲ್ಲಿಯೇ, ಅದೂ ಪುಕ್ಕಟೆ ಬೀಸಿಕೊಂಡು ಬರುತ್ತೇವೆ. ಅವನ ಕೈಯ ಹಿಟ್ಟು ತಿಂದ ಬಾಯಲ್ಲಿ ಅವನನ್ನು ಆಡಿಕೊಳ್ಳಬಾರದು. ಏನು ಮಾಡಲಿ, ಬಾಯಿ ಕೇಳಬೇಕಲ್ಲ!

ಇದೆಲ್ಲ ಶುರುವಾದದ್ದು ತೊಂಬತ್ತೇಳರಲ್ಲಿ, ಕೊಪ್ಪಳ ಜಿಲ್ಲೆಯಾದ ವರ್ಷ. ರಾಯಚೂರಿನ ಕೈ ಬಿಟ್ಟು ನಾವು ಬೇರೆ ಮನೆ ಹೂಡಿದಾಗ ಊರಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಲಾಭವಾಯಿತು. ಕೆಲವರ ಹೊಲಕ್ಕೆ ಬೆಲೆ ಬಂತು, ಕೆಲವರ ಮಕ್ಕಳಿಗೆ ನೌಕರಿ ಬಂತು, ಬಾಡಿಗೆ ಕೊಡಲು ಒಂದು ಕೋಣೆ ಇದ್ದವರೂ ಸಾಹುಕಾರರಾದರು. ನಮ್ಮ ಕಾಕಾನಿಗೆ ಬಂದದ್ದು ಒಬ್ಬ ಗುಮಾಸ್ತರು. ಹೊಸ ಕಚೇರಿಗೆ ಮೈಸೂರು ಕಡೆಯಿಂದ ವರ್ಗವಾಗಿ ಬಂದವರು, ಗೋಧಿ ಬೀಸಿಸಲು ಗಿರಣಿಗೆ ಬಂದರು. ಕಾಕಾ ಚಿಲ್ಲರೆ ಎಂದು ಕೊಟ್ಟ ಒಂದು ರೂಪಾಯಿಯನ್ನು ತಿರುವಿ ಮುರುವಿ ನೋಡಿದರು. ಅದರ ಒಂದು ಮಗ್ಗುಲಿಗೆ ಸಿಂಹ ನೆಟ್ಟಗಿದ್ದರೆ, ತಿರುವಿದಾಗ ಇನ್ನೊಂದು ಮಗ್ಗುಲಿನ ಅಂಕಿ ವಾರೆಯಾಗಿ ಮಲಗಿತ್ತಂತೆ. ಟಂಕಸಾಲೆಯಲ್ಲಿ ಅಚ್ಚು ತಪ್ಪಿ ಬಿದ್ದದ್ದು. ಗುಮಾಸ್ತರು ಜೇಬಿನಿಂದ ಐವತ್ತರ ನೋಟು ತೆಗೆದು, "ಇದನ್ನ ನಾನು ಇಟ್ಕೋತೀನಿ, ತಾವು ಇದನ್ನ ಇಟ್ಕೊಳಿ" ಎಂದರು. ಒಂದು ರೂಪಾಯಿಗೆ ಐವತ್ತು ರೂಪಾಯಿ! ಆ ಪುಣ್ಯಾತ್ಮರು ಮುಂದಿನ ವರ್ಷವೇ ವರ್ಗ ಮಾಡಿಸಿಕೊಂಡು ಹೋದರು. ಹೋಗುವಾಗ ಅವರು ಒಯ್ದದ್ದು ಒಂದು ರೂಪಾಯಿಯನ್ನಲ್ಲ, ಕಾಕಾನ ಹೆಂಡತಿ, ನಮ್ಮ ಚಿಗವ್ವನ ನೆಮ್ಮದಿಯನ್ನು.

ಅಂದಿನಿಂದ ಕಾಕಾ ದೇವರಿಗೆ ನಡೆದುಕೊಳ್ಳುವ ಹಾಗೆ ಬ್ಯಾಂಕಿಗೆ ನಡೆದುಕೊಳ್ಳಲು ಶುರುಮಾಡಿದ. ನೋಟು ಕೊಟ್ಟು ನೂರು ನೂರರ ನಾಣ್ಯದ ಪಾಕೀಟು ತರುವುದು, ಗಿರಣಿಯ ಕಟ್ಟೆಯ ಮೇಲೆ ಗೋಣಿತಟ್ಟು ಹಾಸಿ ಸುರಿಯುವುದು, ಒಂದೊಂದನ್ನೇ ಕಣ್ಣಿಗೆ ಹಿಡಿಯುವುದು, ನೋಡಿ ಮುಗಿದದ್ದನ್ನು ಗಿರಾಕಿಗಳಿಗೆ ಚಿಲ್ಲರೆ ಎಂದು ದಾಟಿಸುವುದು. ಇಸವಿಯ ಕೆಳಗೆ ಯಾವ ಟಂಕಸಾಲೆಯದು ಎಂದು ಹೇಳುವ ಒಂದು ಸಣ್ಣ ಗುರುತು ಇರುತ್ತದೆ, ಕೆಲವು ಇಸವಿಗೆ ಕೆಲವು ಗುರುತು ಅಪರೂಪ. ಚಿಕ್ಕಿ, ಅಂದರೆ ನಕ್ಷತ್ರ, ಇದ್ದರೆ ಹೈದರಾಬಾದಿನದು, ವಜ್ರದಾಕಾರ ಇದ್ದರೆ ಮುಂಬಯಿಯದು, ಬರೀ ಚುಕ್ಕೆ ಇದ್ದರೆ ನೋಯ್ಡಾದ್ದು, ಏನೂ ಇಲ್ಲದಿದ್ದರೆ ಕಲ್ಕತ್ತಾದ್ದು. ಇದನ್ನು ಅವನು ನನಗೆ ಎಷ್ಟು ಸಲ ಹೇಳಿದ್ದಾನೆಂದರೆ, ಒಮ್ಮೆ ನಾನು ಮಕ್ಕಳಿಗೆ ರಾಜಧಾನಿಗಳ ಪಾಠ ಮಾಡುವಾಗ ಆಂಧ್ರಕ್ಕೆ ಚಿಕ್ಕಿ ಎಂದುಬಿಟ್ಟೆ!

ಹಳೆಯ ರೂಪಾಯಿ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಹೊಸದು ಉಕ್ಕಿನದು, ಅಂಟುತ್ತದೆ. ಹೀಗಾಗಿ ಆರಿಸುವ ಕೆಲಸಕ್ಕೆ ಅಯಸ್ಕಾಂತ ಬೇಕಾಯಿತು. ಅಂಗಡಿಯಲ್ಲಿ ಸಿಗುತ್ತಿರಲಿಲ್ಲವೇ? ಸಿಗುತ್ತಿತ್ತು. ಆದರೆ ಚಿಗವ್ವನ ರೇಡಿಯೋದ ಹೊಟ್ಟೆಯಲ್ಲಿ ಒಂದು ಛಲೋ ಅಯಸ್ಕಾಂತ ಇರುವುದು ಕಾಕಾನಿಗೆ ಗೊತ್ತಿತ್ತು.

"ರೇಡಿಯೋ ಯಾಕ ಹಾಡವಲ್ದು?" ಎಂದಳು ಚಿಗವ್ವ.

"ಬ್ಯಾಟರಿ ಹೋಗಿರಬೇಕು" ಎಂದ ಕಾಕಾ, ಅಯಸ್ಕಾಂತದ ಮೇಲಿನ ಹಿಟ್ಟು ಒರೆಸುತ್ತ.

ಚಿಗವ್ವ ಮೂರು ಸಲ ಬ್ಯಾಟರಿ ಬದಲಿಸಿದಳು. ನಾಲ್ಕನೆಯ ಸಲ ರೇಡಿಯೋದ ಬೆನ್ನು ಬಿಚ್ಚಿ ನೋಡಿದಳು. ಆ ದಿನ ಕಾಕಾನಿಗೆ ರೊಟ್ಟಿಯ ಜೊತೆ ಪಲ್ಯ ಸಿಗಲಿಲ್ಲ.

ಕಾಕಾನ ಈ ವಿದ್ಯೆಯಲ್ಲಿ ಒಂದು ದೊಡ್ಡ ನಿಯಮವಿತ್ತು. ನಾಣ್ಯವನ್ನು ಯಾವ ಕಾಲಕ್ಕೂ ತೊಳೆಯಬಾರದು! "ಮಣ್ಣಿರಲಿ, ಜಿಡ್ಡಿರಲಿ, ತೊಳದ್ರ ಬೆಲಿ ಹೋತು ಅಂತ ತಿಳಿ" ಎನ್ನುತ್ತಿದ್ದ. ಒಮ್ಮೆ ಚಿಗವ್ವ ಅವನ ಅಂಗಿ ಒಗೆಯುವಾಗ ಜೇಬಿನಲ್ಲಿದ್ದ ನಾಣ್ಯಗಳೂ ನೆನೆದವು. ಕಾಕಾ ಊರಲ್ಲಿ ಯಾರೋ ತೀರಿಕೊಂಡರೇನೋ ಎಂಬಂತೆ ಕಟ್ಟೆಯ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತ. ಈ ನಿಯಮವನ್ನು ನೀವು ಸ್ವಲ್ಪ ನೆನಪಿಡಿ, ಮುಂದೆ ಬೇಕಾಗುತ್ತದೆ.

ಸಿಕ್ಕಿದ ರತ್ನಗಳನ್ನೆಲ್ಲ ಚಿಗವ್ವನ ಉಪ್ಪಿನಕಾಯಿಯ ಭರಣಿಯಲ್ಲಿ ತುಂಬಿಡುತ್ತಿದ್ದ. ಭರಣಿ ಕಂಠದವರೆಗೆ ತುಂಬಿದ ವರ್ಷ ಅದನ್ನು ಮಗುವಿನಂತೆ ಎತ್ತಿಕೊಂಡು ರೈಲು ಹತ್ತಿ ಹುಬ್ಬಳ್ಳಿಗೆ ಹೋದ. ಅಲ್ಲಿ ಹಳೆಯ ನಾಣ್ಯ ಕೊಳ್ಳುವ ವ್ಯಾಪಾರಿಯೊಬ್ಬ ಇದ್ದ. ಅವನು ನಾಣ್ಯಗಳನ್ನೆಲ್ಲ ಬಟ್ಟೆಯ ಮೇಲೆ ಸುರುವಿ, ನೋಡಿ, ಮತ್ತೆ ಭರಣಿಗೆ ತುಂಬಿ, ಭರಣಿಯ ಮೈ ಸವರುತ್ತ ಕೇಳಿದನಂತೆ: "ಭರಣಿ ಭಾಳ ಛಲೋ ಐತಿ. ಹಳೇದು. ಇದನ್ನ ಕೊಡ್ತೀರೇನ್ರಿ?"

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಬುದ್ಧಿ ಕಲಿಯುತ್ತಿದ್ದರು. ಕಾಕಾ ಭರಣಿ ಎತ್ತಿಕೊಂಡು ವಾಪಸು ಬಂದು, "ಹುಬ್ಬಳ್ಳಿ ಮಂದಿಗೆ ಕಣ್ಣಿಲ್ಲ" ಎಂದ. "ಕಣ್ಣಿದ್ದಿದ್ದಕ್ಕ ಭರಣಿ ಕೇಳ್ಯಾನ" ಎಂದಳು ಚಿಗವ್ವ. ಭರಣಿ ಅವಳ ತವರುಮನೆಯದು.

ನಮ್ಮ ಕಡೆ ತುಂಬು ಬಾಳು ಬಾಳಿದ ಹಿರಿಯರು ತೀರಿಕೊಂಡರೆ ಹೆಣದ ಮೆರವಣಿಗೆಯ ಮುಂದೆ ಚುರುಮುರಿ, ಚಿಲ್ಲರೆ ತೂರುತ್ತಾರೆ. ಒಮ್ಮೆ ಓಣಿಯ ಮುದುಕರೊಬ್ಬರ ಮೆರವಣಿಗೆ ಹೊರಟಿತ್ತು. ಭಜನೆಯವರು ಮುಂದೆ, ನಾವೆಲ್ಲ ಹಿಂದೆ. ನೋಡುತ್ತೇನೆ, ಕಾಕಾ ಹೆಜ್ಜೆಗೊಮ್ಮೆ ಬಗ್ಗುತ್ತಿದ್ದಾನೆ! ಒಂದು ನಾಣ್ಯ ಎತ್ತುವುದು, ಬೆಳಕಿಗೆ ಹಿಡಿಯುವುದು, ಮತ್ತೆ ಅಲ್ಲೇ ಇಡುವುದು. ತೀರಿಕೊಂಡವರ ಮಗ ಅಳು ನಿಲ್ಲಿಸಿ ಕಣ್ಣು ಬಿಟ್ಟು ನೋಡಿದ. ನಾನು ಓಡಿಹೋಗಿ ಕಾಕಾನ ತೋಳು ಹಿಡಿದು, "ಕಾಕಾ, ಏನ ಮಾಡಾಕ ಹತ್ತೀಯೋ? ಮಂದಿ ನೋಡಾಕ ಹತ್ಯಾರ!" ಎಂದೆ.

"ನಾನೇನು ತಗೊಂಡೀನೇನವಾ? ಇಸವಿ ನೋಡಿ ಹೊಳ್ಳಿ ಇಡಾಕ ಹತ್ತೀನಿ" ಎಂದ, ನನಗೇ ತಿಳಿವಳಿಕೆ ಇಲ್ಲ ಎನ್ನುವಂತೆ. "ಎಲ್ಲಾ ಸುಮಾರನವ ಅದಾವ ತಗಿ."

ಮುದುಕರು ಅಲ್ಲಿಯವರೆಗೆ ಬದುಕಿದ್ದರೆ ಆ ಮಾತು ಕೇಳಿಯೇ ಪ್ರಾಣ ಬಿಡುತ್ತಿದ್ದರು.

ಆಮೇಲೆ ಬಂತು ಹತ್ತು ರೂಪಾಯಿ ನಾಣ್ಯದ ಕಾಲ. ಹೊರಗಿನವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಸರಕಾರ ಅಚ್ಚು ಹಾಕಿ, ಸಿಂಹದ ಮುದ್ರೆ ಒತ್ತಿ, ಲಾರಿಯಲ್ಲಿ ತಂದು ಬ್ಯಾಂಕಿಗೆ ಸುರಿದ ಹತ್ತರ ನಾಣ್ಯವನ್ನು ನಮ್ಮ ಜಿಲ್ಲೆಯ ಕಿರಾಣಿ ಅಂಗಡಿಯವರು ಒಂದೇ ಮಾತಿನಲ್ಲಿ ರದ್ದು ಮಾಡಿದರು. "ನಡಿಯಂಗಿಲ್ರಿ." ಅಷ್ಟೇ! ಯಾರು ಹೇಳಿದ್ದು, ಎಲ್ಲಿ ಬರೆದಿದೆ, ಯಾರಿಗೂ ಗೊತ್ತಿಲ್ಲ. ಕುಷ್ಟಗಿಯಲ್ಲಿ ಕೇಳಿದರೆ "ಯಲಬುರ್ಗಾದಾಗ ನಡಿಯಂಗಿಲ್ಲಂತ್ರಿ, ಅದಕ್ಕ ನಾವೂ ತಗೊಳ್ಳಂಗಿಲ್ಲ" ಎನ್ನುತ್ತಿದ್ದರು. ಯಲಬುರ್ಗಾದಲ್ಲಿ ಕೇಳಿದರೆ "ಕುಷ್ಟಗ್ಯಾಗ ಬಂದ್ ಆಗೈತ್ರಿ" ಎನ್ನುತ್ತಿದ್ದರು. ಗಂಗಾವತಿಯವರಂತೂ ಕಾರಣವನ್ನೇ ಹೇಳುತ್ತಿರಲಿಲ್ಲ.

ಸರಿಯಾಗಿ ಅದೇ ಹೊತ್ತಿಗೆ ನಮ್ಮ ಕಾಕಾ ಒಂದು ಚೀಲದ ತುಂಬ ಹತ್ತರ ನಾಣ್ಯ ತಂದಿದ್ದ. ಎಲ್ಲ ನೋಡಿ ಮುಗಿಸಿದ, ಏನೂ ಸಿಗಲಿಲ್ಲ. ಈಗ ದಾಟಿಸಬೇಕಲ್ಲ? ಗಿರಾಕಿಗಳು ಹಿಟ್ಟಿನ ಡಬ್ಬಿ ಅಲ್ಲೇ ಇಟ್ಟು, "ನಾಳೆ ನೋಟು ಕೊಡ್ರಿ, ಒಯ್ತೀವಿ" ಎಂದರು. ಬಸ್ಸಿನ ಕಂಡಕ್ಟರ್ ಕೈ ಹಿಂದೆಗೆದ. ಬ್ಯಾಂಕಿಗೆ ಹೊತ್ತೊಯ್ದರೆ, ಎದ್ದು ನಮಸ್ಕಾರ ಹೇಳುತ್ತಿದ್ದ ಅದೇ ಕ್ಯಾಶಿಯರ್ ಇವನ ಚೀಲ ಕಂಡದ್ದೇ ಊಟಕ್ಕೆ ಎದ್ದ. ಕೊನೆಗೆ ಗಿರಣಿಯ ಮುಂದೆ ಬೇಡಲು ಬಂದ ಮುದುಕಿಗೆ ಕಾಕಾ ಧಾರಾಳವಾಗಿ ಒಂದು ಹತ್ತರ ನಾಣ್ಯ ಹಾಕಿದ. ಆಕೆ ಅದನ್ನು ಹೊರಳಿಸಿ ನೋಡಿ, ಕಟ್ಟೆಯ ಮೇಲೆ ಮೆಲ್ಲಗೆ ವಾಪಸಿಟ್ಟು, "ಯಪ್ಪಾ, ಇದು ನಡಿಯಂಗಿಲ್ಲ. ಒಂದು ರೂಪಾಯಿ ಇದ್ರ ಕೊಡು" ಎಂದಳು. ಚೀಲ ಮಾತ್ರ ಬಹಳ ದಿನ ಗಿರಣಿಯ ಬಾಗಿಲಿಗೆ ಆನಿಕೆಯಾಗಿ ಕೂತಿತ್ತು.

ಇನ್ನು ಉಡಿಯ ವಿಷಯ. ಹೆಣ್ಣುಮಗಳು ತವರಿನಿಂದ ಹೊರಡುವಾಗ ತಾಯಿ ಅವಳ ಸೆರಗಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಶಿಣ ಕೊಂಬು, ಒಂದು ರೂಪಾಯಿ ಹಾಕಿ ಉಡಿ ತುಂಬುತ್ತಾಳೆ. ಕಾಕಾನ ಮಗಳನ್ನು ಸಿದ್ದಾಪುರಕ್ಕೆ ಕೊಟ್ಟಿದೆ. ಒಮ್ಮೆ ಅವಳು ಹೊರಟು ನಿಂತಿದ್ದಳು. ಸೆರಗು ಒಡ್ಡಿದ್ದಾಳೆ, ಚಿಗವ್ವ ಕಣ್ಣೊರೆಸಿಕೊಳ್ಳುತ್ತ ಅಕ್ಕಿ ಹಾಕಿದಳು, ಕೊಬ್ಬರಿ ಹಾಕಿದಳು, ಮೇಲೆ ರೂಪಾಯಿ ಇಟ್ಟಳು. "ತಡಿ, ತಡಿ!" ಎಂದು ಕಾಕಾ ನುಗ್ಗಿದ. ಮಗಳ ಉಡಿಯೊಳಗೆ ಕೈ ಹಾಕಿ, ರೂಪಾಯಿ ತೆಗೆದು, ಬಾಗಿಲ ಬೆಳಕಿಗೆ ಹಿಡಿದು, "ಇದು ನೋಯ್ಡಾದ್ದು, ಇದನ್ನ ನಾ ಹುಡುಕಾಕ ಹತ್ತಿದ್ನಿ" ಎಂದು ಜೇಬಿಗಿಳಿಸಿ, ಇನ್ನೊಂದು ರೂಪಾಯಿ ಇಟ್ಟ!

"ಮಗಳ ಉಡ್ಯಾಗ ಕೈ ಹಾಕೋ ಅಪ್ಪನ್ನ ಎಲ್ಲೆರ ನೋಡೀಯೇನವಾ?" ಎಂದು ಚಿಗವ್ವ ನನ್ನ ಕಡೆ ತಿರುಗಿದಳು. ನಾನು ನಗು ತಡೆಯಲಾರದೆ ಒಳಗೆ ಓಡಿದೆ.

ಅಂದು ನಕ್ಕೆ. ಮರು ವರ್ಷ ನಗು ಬರಲಿಲ್ಲ.

ಚಿಗವ್ವನ ತವರು ಯಲಬುರ್ಗಾದ ಕಡೆ. ಅವಳ ಅವ್ವ ತೀರಿಕೊಂಡದ್ದು ಎರಡು ಸಾವಿರದ ಹನ್ನೆರಡರಲ್ಲಿ. ಇಸವಿ ನನಗೆ ಹೇಗೆ ನೆನಪಿದೆ ಎನ್ನುತ್ತೀರಾ? ವರ್ಷದ ತಿಥಿಯ ದಿನ ಕಾಕಾ ಎಲ್ಲರ ಮುಂದೆ, "ಅತ್ತಿ ಹೋಗಿದ್ದು ಹನ್ನೆರಡರಾಗ. ಆ ವರ್ಷದ ಹೈದರಾಬಾದ್ ರೂಪಾಯಿ ಬೇಕಾದಷ್ಟು ಸಿಗ್ತಾವ" ಎಂದು ಹೇಳಿ ಚಿಗವ್ವನಿಂದ ನೋಟದಲ್ಲೇ ಬೈಸಿಕೊಂಡಿದ್ದ. ಆ ಅವ್ವ ಕಡೆಯ ಸಲ ಮಗಳಿಗೆ ಉಡಿ ತುಂಬಿದಾಗ ಹಾಸಿಗೆಯ ಮೇಲೆ ಎದ್ದು ಕೂತು, ಹಸಿ ಅರಿಶಿಣದ ಕೈಯಲ್ಲಿ ಒಂದು ರೂಪಾಯಿ ಹಾಕಿದ್ದಳು. ಚಿಗವ್ವ ಅದನ್ನು ಖರ್ಚು ಮಾಡಲಿಲ್ಲ. ಅರಿಶಿಣ ಮೆತ್ತಿದ ಹಾಗೆಯೇ ಕುಂಕುಮದ ಡಬ್ಬಿಯಲ್ಲಿಟ್ಟು ದೇವರ ಜಗುಲಿಯ ಮೇಲೆ ಇರಿಸಿದ್ದಳು. ದಿನಾ ಕುಂಕುಮ ಹಚ್ಚಿಕೊಳ್ಳುವಾಗ ಅದನ್ನೊಮ್ಮೆ ಮುಟ್ಟುತ್ತಿದ್ದಳು. ಅಷ್ಟು ವರ್ಷವೂ ಕಾಕಾ ಆ ಡಬ್ಬಿಗೆ ಕೈ ಹಾಕಿರಲಿಲ್ಲ. ಅಷ್ಟರಮಟ್ಟಿಗೆ ಹೆಂಡತಿಯ ಹೆದರಿಕೆ ಇತ್ತು.

ಚಿಗವ್ವ ಕುಷ್ಟಗಿಗೆ ತಂಗಿಯ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಹೋದ ದಿನ ಆ ಹೆದರಿಕೆಯೂ ಊರಲ್ಲಿ ಇರಲಿಲ್ಲ. ಕರೆಂಟು ಹೋಗಿತ್ತು. ಕರೆಂಟಿಲ್ಲದ ಗಿರಣಿಯವನಷ್ಟು ಅಪಾಯದ ಮನುಷ್ಯ ಇನ್ನೊಬ್ಬನಿಲ್ಲ. ಕಾಕಾ ಡಬ್ಬಿ ತೆಗೆದ. ರೂಪಾಯಿ ನೋಡಿದ. ಅರಿಶಿಣ ಗಟ್ಟಿಯಾಗಿ ಕೂತು ಇಸವಿಯೂ ಕಾಣಲಿಲ್ಲ, ಗುರುತೂ ಕಾಣಲಿಲ್ಲ. ತಡೆಯಲಾಗಲಿಲ್ಲ ಮಹಾರಾಯನಿಗೆ! ಮಂದಿಗೆಲ್ಲ ತೊಳೆಯಬೇಡಿ ಎಂದು ಉಪದೇಶ ಮಾಡಿದವನು ತಾನೇ ಹುಣಸೆಹುಳಿ, ಉಪ್ಪು ಹಾಕಿ ತಿಕ್ಕಿ ತಿಕ್ಕಿ ತೊಳೆದ. ಆರಲಿ ಎಂದು ಗಿರಣಿಗೆ ತಂದು ಕಟ್ಟೆಯ ಮೇಲಿನ ಗೋಣಿತಟ್ಟಿನ ಮೇಲೆ, ಬ್ಯಾಂಕಿನ ಪಾಕೀಟಿನಿಂದ ಸುರುವಿದ ರೂಪಾಯಿಗಳ ಅಂಚಿಗೆ ಇಟ್ಟ. ಭೂತಗನ್ನಡಿ ತರಲು ಒಳಗೆ ಹೋದ.

ಕರೆಂಟು ಬಂತು.

ಕರೆಂಟು ಬಂದಾಗ ಗಿರಣಿಯಲ್ಲಿ ಏನಾಗುತ್ತದೆ ಎಂಬುದು ಕಂಡವರಿಗೇ ಗೊತ್ತು. ಬೆಳಗಿನಿಂದ ಸಾಲಾಗಿ ಕೂತಿದ್ದ ಡಬ್ಬಿಗಳೆಲ್ಲ ಒಮ್ಮೆಲೇ ಎದ್ದು ನಿಂತವು. "ನಂದು ಮೊದಲ", "ನನ್ನ ಸಜ್ಜಿ ಹಾಕ್ರಿ", "ಕಾಕಾ, ಬಸ್ಸಿಗೆ ಹೊತ್ತಾತು!" ಪಟ್ಟೆ ತಿರುಗಿತು, ಹಿಟ್ಟು ಹಾರಿತು, ಕಾಕಾ ಕಣ್ಣು ಮೂಗು ಕಾಣದಂತೆ ಬೆಳ್ಳಗಾದ. ರೂಢಿಯ ಕೈ ತನ್ನಷ್ಟಕ್ಕೆ ಕಟ್ಟೆಯ ಮೇಲಿನ ರಾಶಿಯಿಂದ ಚಿಲ್ಲರೆ ಬಾಚಿ ಬಾಚಿ ಕೊಟ್ಟಿತು. ಅದರ ನಡುವೆ ಕಿರಾಣಿ ಅಂಗಡಿಯವನು ಬಂದು, "ಚಿಲ್ರಿ ಇದ್ರ ಕೊಡ್ರಿ ಕಾಕಾ" ಎಂದು ಉಳಿದದ್ದಕ್ಕೆಲ್ಲ ನೋಟು ಕೊಟ್ಟು ಗೋಣಿತಟ್ಟು ಝಾಡಿಸಿಕೊಂಡು ಹೋದ. ಸಂಜೆ ಪಟ್ಟೆ ನಿಂತು ಕಿವಿ ತೆರೆದಾಗ ಕಾಕಾನಿಗೆ ನೆನಪಾಯಿತು. ಕಟ್ಟೆಯ ಮೇಲೆ ಒಂದಿಷ್ಟು ಹುಣಸೆಹುಳಿ ಮಾತ್ರ ಉಳಿದಿತ್ತು.

ಮರುದಿನ ಚಿಗವ್ವ ಬಂದಳು. ಸ್ನಾನ ಮಾಡಿ ಡಬ್ಬಿ ತೆರೆದಳು. ಕಾಕಾ ನಡುಮನೆಯಲ್ಲಿ ನಿಂತು ಇದ್ದದ್ದು ಇದ್ದ ಹಾಗೆ ಹೇಳಿದ. ಅವಳು ಕೂಗಾಡುತ್ತಾಳೆ ಎಂದು ನಾನು ಬಾಗಿಲಲ್ಲೇ ನಿಂತಿದ್ದೆ. ಅವಳು ಕೂಗಲಿಲ್ಲ. "ನೀವ ಅಂತಿದ್ರೆಲ್ಲಾ, ತೊಳದ್ರ ಬೆಲಿ ಹೋಗತೈತಿ ಅಂತ" ಎಂದಳು. ಅಲ್ಲಿಗೆ ಮಾತು ನಿಲ್ಲಿಸಿದಳು.

ನಿಲ್ಲಿಸಿದಳೆಂದರೆ ನಿಲ್ಲಿಸಿಯೇ ಬಿಟ್ಟಳು. ಅಡುಗೆ ಆಗುತ್ತಿತ್ತು, ತಾಟು ಬರುತ್ತಿತ್ತು, ಬಿಸಿ ರೊಟ್ಟಿ ಬೀಳುತ್ತಿತ್ತು, ಮಾತು ಇಲ್ಲ. ಬೈಗುಳ ತಿಂದರೇ ಊಟ ಜೀರ್ಣವಾಗುತ್ತಿದ್ದ ಮನುಷ್ಯನಿಗೆ ಬರೀ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಕಾಕಾ ಆ ರೂಪಾಯಿ ಹುಡುಕಲು ಹೊರಟ.

ಇದರೊಳಗಿನ ತಮಾಷೆ ನೋಡಿ. ಸಾವಿರಾರು ನಾಣ್ಯಗಳ ಇಸವಿ, ಗುರುತು ಹೇಳಬಲ್ಲ ಕಾಕಾನಿಗೆ ಆ ಒಂದು ರೂಪಾಯಿಯ ಇಸವಿ ಗೊತ್ತಿಲ್ಲ. ದಿನಾ ಅದನ್ನು ಮುಟ್ಟಿದ ಚಿಗವ್ವ ಎಂದೂ ಇಸವಿ ನೋಡಿದವಳಲ್ಲ. ಅವಳಿಗೆ ಗೊತ್ತಿದ್ದದ್ದು ಅರಿಶಿಣ ಒಂದೇ. ಅದನ್ನು ಇವನು ತೊಳೆದುಬಿಟ್ಟಿದ್ದ!

ಕಿರಾಣಿ ಅಂಗಡಿಯಿಂದ ಶುರುವಾಯಿತು. ಅಲ್ಲಿಂದ ಹಾಲಿನವನು, ಕಾಯಿಪಲ್ಯೆಯವರು, ಪಾನ್ ಅಂಗಡಿ. ಚಿಗವ್ವನ ಅರಿಶಿಣದ ರೂಪಾಯಿ ಕೊಟ್ಟವರಿಗೆ ಗಿರಣಿ ಕಾಕಾ ಹತ್ತು ರೂಪಾಯಿ ಕೊಡುತ್ತಾನೆ ಎಂದು ಭಾಗ್ಯನಗರದ ತುಂಬ ಸುದ್ದಿಯಾಯಿತು. ಮರುದಿನ ಬೆಳಗ್ಗೆ ಗಿರಣಿಯ ಮುಂದೆ ಹಳದಿ ರೂಪಾಯಿ ಹಿಡಿದ ಮಂದಿಯ ಸಾಲು! ಒಬ್ಬನ ರೂಪಾಯಿಯಿಂದ ಇನ್ನೂ ಅರಿಶಿಣ ತೊಟ್ಟಿಕ್ಕುತ್ತಿತ್ತು. ಒಬ್ಬಾಕೆ ಎರಡು ರೂಪಾಯಿ ನಾಣ್ಯಕ್ಕೇ ಅರಿಶಿಣ ಬಳಿದು ತಂದಿದ್ದಳು. "ತೊಳದು ಕಳಕೊಂಡೀನ್ರೋ ಯಪ್ಪಾ! ಅದರ ಮ್ಯಾಲ ಅರಿಶಿಣ ಎಲ್ಲೈತಿ?" ಎಂದು ಕಾಕಾ ಹಣೆ ಬಡಿದುಕೊಂಡ. "ಹೌದೇನ್ರಿ? ಹಂಗಾರ ತೊಳಕೊಂಡ ಬರ್ತೀವಿ" ಎಂದು ಸಾಲು ಹಿಂದಿರುಗಿತು. ಆ ವಾರ ನಮ್ಮ ಓಣಿಯ ಅಂಗಡಿಯಲ್ಲಿ ಅರಿಶಿಣ ಪುಡಿಯೂ ಮುಗಿದಿತ್ತು, ಹುಣಸೆಹಣ್ಣೂ ಮುಗಿದಿತ್ತು.

ಅಂಗಡಿಯವರು ಚಿಲ್ಲರೆಯನ್ನು ಬ್ಯಾಂಕಿಗೆ ಕಟ್ಟಿರಬಹುದು ಎಂದು ಕಾಕಾ ಬ್ಯಾಂಕು ಹಿಡಿದ. ಕೊಪ್ಪಳದ್ದು ಮುಗಿಯಿತು. ಮಂದಿ ಬಸ್ಸಿನಲ್ಲಿ ಒಯ್ದಿರಬಹುದು ಎಂದು ಗಂಗಾವತಿಗೆ ಹೋದ, ಕುಷ್ಟಗಿಗೆ ಹೋದ. ಅವ್ವನ ರೂಪಾಯಿ ತವರಿಗೇ ಹೋಗಿರಬಹುದು ಎಂದು ಯಲಬುರ್ಗಾಕ್ಕೂ ಹೋದ. ರೂಪಾಯಿಗೆ ಕಾಲಿದೆಯೇ, ತವರಿನ ನೆನಪಿದೆಯೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಒಂದು ಕಡೆ ಕ್ಯಾಶಿಯರ್ ಕೇಳಿದರಂತೆ, "ನಿಮ್ಮ ರೂಪಾಯಿಗೆ ಗುರ್ತು ಏನ್ರಿ?"

"ಗುರ್ತಿಲ್ರಿ."

"ಗುರ್ತ ಇಲ್ಲಂದ್ರ ಸಿಕ್ಕಿದ್ದು ಗೊತ್ತಾಗೋದು ಹೆಂಗ್ರಿ?"

ಕಾಕಾ ಪಾಕೀಟು ಎತ್ತಿಕೊಂಡು ಬಂದನಂತೆ. ಬರುಬರುತ್ತ ಗಿರಣಿಯ ಬಾಗಿಲು ಮುಚ್ಚಿರತೊಡಗಿತು. ಕರೆಂಟಿದ್ದರೂ ಪಟ್ಟೆ ತಿರುಗುತ್ತಿರಲಿಲ್ಲ. ಗಿರಾಕಿಗಳು ಬೇರೆ ಗಿರಣಿ ನೋಡಿಕೊಂಡರು. ಕಾಕಾನ ಗಡ್ಡ ಬೆಳೆಯಿತು, ಕಣ್ಣು ಕೆಂಪಾದವು. ಚಿಗವ್ವನೂ ಬಡವಾದಳು. ಇಬ್ಬರನ್ನೂ ನೋಡಿ ನನಗೆ ಸಂಕಟವಾಗುತ್ತಿತ್ತು. ನಾಣ್ಯಕ್ಕಾಗಿಯೇ ಇಪ್ಪತ್ತು ವರ್ಷ ಜಗಳಾಡಿ ಸುಖವಾಗಿದ್ದ ಸಂಸಾರ ಅದು.

ಒಂದು ರವಿವಾರ ಮಧ್ಯಾಹ್ನ ನಾನು ಗೋಧಿ ಡಬ್ಬಿ ಹಿಡಿದು ಹೋದಾಗ ಕಾಕಾ ಕಟ್ಟೆಯ ಮೇಲೆ ರೂಪಾಯಿಗಳ ರಾಶಿಯ ಮುಂದೆ ಕೂತಿದ್ದ. ನೋಡುತ್ತಿರಲಿಲ್ಲ, ಸುಮ್ಮನೆ ಕೂತಿದ್ದ. ಚಿಗವ್ವ ಬುತ್ತಿ ತಂದಳು. ಬೆಳಗಿನ ಬುತ್ತಿ ಕಟ್ಟಿದ ಗಂಟು ಬಿಚ್ಚದೆ ಅಲ್ಲೇ ಇತ್ತು. ಅವಳು ಅದನ್ನು ನೋಡಿದಳು, ಅವನನ್ನು ನೋಡಿದಳು.

"ಸರೀರಿ ಅತ್ತಾಗ" ಎಂದಳು. ಅಷ್ಟು ದಿನಗಳ ಮೇಲೆ ಬಂದ ಮೊದಲ ಮಾತು!

ಕಾಕಾ ದಡಬಡಿಸಿ ಸರಿದ. ಚಿಗವ್ವ ರಾಶಿಯ ಮುಂದೆ ಕೂತು, ಅಕ್ಕಿ ಹಸನು ಮಾಡುವ ಹಾಗೆ ಬೆರಳಾಡಿಸಿದಳು. ಒಂದು ತೆಗೆದಳು, ಬಿಟ್ಟಳು. ಇನ್ನೊಂದು ತೆಗೆದು ಅಂಗೈಯಲ್ಲಿಟ್ಟು ಸವರಿದಳು. ಕಣ್ಣಿಗೊತ್ತಿಕೊಂಡಳು.

"ಇದ ನೋಡ್ರಿ, ನಮ್ಮವ್ವ ಹಾಕಿದ್ದು."

ಕಾಕಾ ರೂಪಾಯಿ ಇಸಿದುಕೊಂಡು ಭೂತಗನ್ನಡಿ ಹಿಡಿದ. ನಾನು ಅವನ ಹೆಗಲ ಮೇಲಿಂದ ಬಗ್ಗಿ ನೋಡಿದೆ. ಕನ್ನಡಿಯೊಳಗೆ ಇಸವಿ ದೊಡ್ಡದಾಗಿ ಕಾಣುತ್ತಿತ್ತು. ಎರಡು ಸಾವಿರದ ಹದಿನಾಲ್ಕು! ಅವಳ ಅವ್ವ ಸತ್ತು ಎರಡು ವರ್ಷಕ್ಕೆ ಹುಟ್ಟಿದ ರೂಪಾಯಿ.

ಕಾಕಾ ಕನ್ನಡಿ ಕೆಳಗಿಟ್ಟ. ತಲೆಯೆತ್ತಿ ಚಿಗವ್ವನ ಮುಖ ನೋಡಿದ. ಬಹಳ ಹೊತ್ತು ನೋಡಿದ.

"ಹೌದು. ಇದ" ಎಂದ.

ಸಾಲಿ ಟೀಚರ್ ಬಾಯಿ, ಸುಮ್ಮನಿರುತ್ತದೆಯೇ? "ಕಾಕಾ, ಇಸವಿ..." ಎಂದೆ.

"ನೀ ಗಪ್ಪ ಇರವಾ! ನಾಣ್ಯದ್ದು ನಿನಗೇನ ತಿಳಿತೈತಿ?" ಎಂದು ಗದರಿಸಿ, ಬುತ್ತಿಯ ಗಂಟು ಬಿಚ್ಚಿ ಉಣ್ಣಲು ಕೂತ.

ಆ ಸಂಜೆಯೇ ಪಟ್ಟೆ ತಿರುಗಿತು. ಕಾಕಾ ಈಗಲೂ ಬ್ಯಾಂಕಿಗೆ ಹೋಗುತ್ತಾನೆ, ಪಾಕೀಟು ತರುತ್ತಾನೆ, ಚಿಗವ್ವ ಈಗಲೂ ಬೈಯುತ್ತಾಳೆ. ಯಾವುದೂ ನಿಂತಿಲ್ಲ, ನಿಲ್ಲುವುದೂ ಬೇಡ. ಆ ರೂಪಾಯಿ ಮಾತ್ರ ಹಸಿ ಅರಿಶಿಣ ಹಚ್ಚಿಸಿಕೊಂಡು ಕುಂಕುಮದ ಡಬ್ಬಿಯಲ್ಲಿದೆ.

ಮೊನ್ನೆ ಚಿಗವ್ವ ಡಬ್ಬಿ ತೆರೆದಾಗ ನಾನೊಬ್ಬಳೇ ಇದ್ದೆ. ಹೊಟ್ಟೆಯಲ್ಲಿ ಮಾತು ನಿಲ್ಲಲಿಲ್ಲ. "ಚಿಗವ್ವಾ, ಆ ರೂಪಾಯಿ..." ಎಂದು ಶುರುಮಾಡಿದೆ.

"ಹದಿನಾಲ್ಕನೇ ಇಸವೀದು" ಎಂದಳು ಅವಳು, ಕುಂಕುಮ ಹಚ್ಚಿಕೊಳ್ಳುತ್ತ. "ಏಳನೇತ್ತ ಮಟ ಸಾಲಿ ಕಲ್ತಾಕಿ ನಾನು. ಓದಾಕ ಬರತೈತಿ ನನಗೂ."

"ಮತ್ತ ಯಾಕ ಇದ ಅಂದಿ?"

"ಆ ಮನಷ್ಯಾ ಕೂಳು ಬಿಟ್ಟ ಕುಂತಿದ್ದ. ಅವ್ವನ ರೂಪಾಯಿ ಹೋಗಿತ್ತು, ಇವರ್ನೂ ಕಳಕೊಳ್ಳಲೇನು?" ಎಂದಳು. ಡಬ್ಬಿಯ ಮುಚ್ಚಳ ಹಾಕುವ ಮುನ್ನ ಆ ರೂಪಾಯಿಯನ್ನು ದಿನದ ಹಾಗೆ ಒಮ್ಮೆ ಮುಟ್ಟಿದಳು. "ಇದು ನಮ್ಮವ್ವ ಹಾಕಿದ್ದಲ್ಲ, ಖರೇ. ಆದ್ರ ಇದನ್ನ ಕೈಯಾಗ ಹಿಡಕೊಂಡು ನಿಮ್ಮ ಕಾಕಾ ಇಸವಿ ಬಿಟ್ಟು ನನ್ನ ಮಾರಿ ನೋಡಿದ್ರು. ಅದಕ್ಕ ಇಟಗೊಂಡೀನಿ."